ಹಿತ್ತಲಿನ ಕೆಲಸ ಕಡಿಮೆ ಮಾಡೋದು ಹೇಗೆ?

ಪ್ರಶ್ನೆ (ಬದಿಯಡ್ಕ): ಮನೆಯಲ್ಲಿ ನಾನು, ಅಮ್ಮ ಇಬ್ಬರೇ. ಮಳೆ ಮುಗಿಯುವಾಗ ಹಿತ್ತಲು ತುಂಬ ಕಳೆ, ಮಾರ್ಚ್ ಬಂದರೆ ಮುರಕಲ್ಲಿನ ನೆಲ ಒಣಗಿ ದಿನಾ ನೀರು ಹೊರಬೇಕು. ಸುಲಭದ ದಾರಿ ಇದೆಯಾ?

ಉತ್ತರ (ಪೆರ್ಲ): ಅಕ್ಕ, ಕಳೆ ಕೀಳುತ್ತಾ ಕೂರಬೇಡಿ, ನೆಲ ಮುಚ್ಚಿ. ಬುಡದ ಸುತ್ತ ತೆಂಗಿನ ಸಿಪ್ಪೆ ಕವುಚಿ ಹಾಸಿ, ಮೇಲೆ ದಪ್ಪಕ್ಕೆ ತರಗೆಲೆ ಹಾಕಿ. ಅಂಗಾತ ಇಟ್ಟರೆ ನೀರು ನಿಂತು ಸೊಳ್ಳೆ ಜಾಸ್ತಿ. ಕಾಂಡಕ್ಕೆ ಮಾತ್ರ ತಾಗಿಸಬೇಡಿ, ಕೊಳೆಯುತ್ತದೆ.

ಉತ್ತರ (ಮಂಜೇಶ್ವರ): ಸಿಪ್ಪೆ ಸರಿ, ಗೆದ್ದಲು ನೋಡಿಕೊಳ್ಳಿ. ನನ್ನ ಪ್ರಕಾರ ಗಿಡಗಳನ್ನೇ ಬದಲಿಸಬೇಕು. ಪ್ರತಿ ವರ್ಷ ಬೀಜ ಹಾಕುವ ಬೆಂಡೆ, ಅಲಸಂಡೆ ಕಡಿಮೆ ಮಾಡಿ, ತೊಂಡೆ, ಚಕ್ರಮುನಿ, ನುಗ್ಗೆ ನೆಡಿ, ಒಮ್ಮೆ ಹಿಡಿದರೆ ವರ್ಷಗಟ್ಟಲೆ ಸಿಗುತ್ತದೆ. ಬಸಳೆಗೆ ನೀರು ಬೇಕು, ಬಾವಿಕಟ್ಟೆ ಪಕ್ಕದಲ್ಲೇ ಚಪ್ಪರ ಹಾಕಿ.

ಕೇಳಿದವರು: ಅಲಸಂಡೆ ಬಿಡಲು ಅಮ್ಮ ಒಪ್ಪಲ್ಲ! ಸಿಪ್ಪೆ ರಾಶಿಯೇ ಇದೆ, ಸುಮ್ನೆ ಒಲೆಗೆ ಹಾಕುತ್ತಿದ್ದೆವು.