ಸಹಾಯ ಬೇಕು: ಉಪ್ಪಿನಂಶದ ನೀರನ್ನು ಮೇವಿನ ಹೊಲಕ್ಕೆ ಬಿಡಬಹುದಾ?

ಎಲ್ಲರಿಗೂ ನಮಸ್ಕಾರ. ನಮ್ಮದು ತುಮಕೂರು ಕಡೆ. ಆರು ಹಸು, ಎರಡು ಎಕರೆ ಮೇವಿನ ಹುಲ್ಲು. ಬೋರ್‌ವೆಲ್ ನೀರು ತುಂಬಾ ಕಮ್ಮಿಯಾಗಿದೆ. ಹತ್ತಿರದ ಮಿಡಿಸೌತೆ ಘಟಕದವರು ತಮ್ಮ ಶುದ್ಧೀಕರಿಸಿದ ತ್ಯಾಜ್ಯ ನೀರನ್ನು ಪುಕ್ಕಟೆ ಕೊಡುತ್ತೇವೆ ಅಂದಿದ್ದಾರೆ.

ನೀರು ತಿಳಿಯಾಗಿದೆ, ವಾಸನೆಯೂ ಇಲ್ಲ. ಆದರೆ ಮಿಡಿಸೌತೆಯನ್ನು ಉಪ್ಪುನೀರಲ್ಲಿ ನೆನೆಸಿಡುತ್ತಾರೆ, ಅಲ್ವಾ? ಅವರ ಶುದ್ಧೀಕರಣದ ಗಾಳಿ ಊದುವ ಟ್ಯಾಂಕಿನ ಬ್ಯಾಕ್ಟೀರಿಯಾ ಕೊಳೆಯನ್ನು ತಿನ್ನುತ್ತವೆ, ಕರಗಿದ ಉಪ್ಪನ್ನಲ್ಲ. ಪರೀಕ್ಷೆ ಮಾಡಿಸಿದೆ. ಇಸಿ (ನೀರಲ್ಲಿ ಕರಗಿದ ಉಪ್ಪಿನ ಅಳತೆ) ಮೀಟರಿಗೆ 4.1 ಡೆಸಿಸೀಮನ್ಸ್, ಎಸ್‌ಎಆರ್ (ಕ್ಯಾಲ್ಸಿಯಂ, ಮೆಗ್ನೀಸಿಯಂಗೆ ಹೋಲಿಸಿದರೆ ಸೋಡಿಯಂ ಎಷ್ಟು ಎಂಬ ಅಳತೆ) 15. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ನೀರಾವರಿಗೆ ಹೇಳುವ ಮಿತಿ 2.25 ಮತ್ತು 26. ಎಸ್‌ಎಆರ್ ಮಿತಿಯೊಳಗೇ ಇದೆ, ಆದರೂ ನನಗೆ ಭಯ. ನಮ್ಮದು ಜೇಡಿ ಮಣ್ಣು. ಸೋಡಿಯಂ ಜಾಸ್ತಿಯಾದರೆ ಮಣ್ಣು ಗಟ್ಟಿಯಾಗಿ ನೀರು ಇಂಗುವುದೇ ಇಲ್ಲ. ಅಪ್ಪ ಉಳಿಸಿಕೊಟ್ಟ ಹೊಲ ಅದು, ಸುಮ್ನೆ ಹಾಳು ಮಾಡಿಕೊಳ್ಳಲು ಮನಸ್ಸಿಲ್ಲ.

ಕೃಷಿಹೊಂಡದ ನೀರಿನ ಇಸಿ 0.4. ಅರ್ಧಕ್ಕರ್ಧ ಬೆರೆಸಿದರೆ ಲೆಕ್ಕದಲ್ಲಿ 2.25 ಆಗುತ್ತದೆ. ಹೀಗೆ ಮಾಡಿದವರು ಯಾರಾದರೂ ಇದ್ದೀರಾ? ಎರಡು ಮೂರು ವರ್ಷದ ಮೇಲೆ ಮಣ್ಣು ಹೇಗಿದೆ? ನೇಪಿಯರ್ ತೆಗೆದು ಉಪ್ಪು ತಡೆಯುವ ರೋಡ್ಸ್ ಹುಲ್ಲು ಹಾಕಲೇ? ಮಣ್ಣಿನ ಸೋಡಿಯಂ ತೆಗೆಯಲು ಎಕರೆಗೆ ಜಿಪ್ಸಂ ಎಷ್ಟು ಬೇಕು ಎಂದು ಮಣ್ಣು ಪರೀಕ್ಷೆಯಿಂದ ಹೇಗೆ ಲೆಕ್ಕ ಹಾಕುತ್ತೀರಿ?

ಘಟಕದವರು ನೀರಿನ ಉಪ್ಪನ್ನು ಸೋಸಿ ತೆಗೆಯುವ ಆರ್‌ಓ ಯಂತ್ರ ಹಾಕುವ ಮಾತನ್ನೂ ಆಡುತ್ತಿದ್ದಾರೆ. ಹಾಕಿದರೆ ಅದರಿಂದ ಉಳಿಯುವ ಗಟ್ಟಿ ಉಪ್ಪುನೀರನ್ನು ಎಲ್ಲಿಗೆ ಬಿಡುತ್ತಾರೆ? ಕೆಳಗಡೆ ಅಕ್ಕಪಕ್ಕದವರ ಬಾವಿಗಳಿವೆ. ಅನುಭವ ಇರುವವರು ದಯವಿಟ್ಟು ತಿಳಿಸಿ. ಮುಂದಿನ ವಾರ ಅವರಿಗೆ ಉತ್ತರ ಹೇಳಬೇಕು.