ಸಹಾಯ ಬೇಕು: ಫ್ಲೋರೈಡ್ ಕಲೆಯ ಹಲ್ಲಿಗೆ ಡಾಕ್ಟರ್ ಬ್ಲೀಚಿಂಗ್ ಕೆಲಸ ಮಾಡುತ್ತಾ?

ಎಲ್ಲರಿಗೂ ನಮಸ್ಕಾರ. ನಮ್ಮದು ಪಾವಗಡ ಕಡೆ. ಅಲ್ಲಿನ ಬೋರ್‌ವೆಲ್ ನೀರಿನ ಫ್ಲೋರೈಡ್ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಅದೇ ನೀರು ಕುಡಿದು ಬೆಳೆದ ನನ್ನ ತಂಗಿಯ ಮುಂದಿನ ಹಲ್ಲುಗಳ ಮೇಲೆ ಕಂದು ಕಲೆ, ಅಲ್ಲಲ್ಲಿ ಸುಣ್ಣದಂಥ ಬಿಳಿ ಮಚ್ಚೆ. ಇಂಟರ್‌ವ್ಯೂಗಳಿಗೆ ಹೋಗ್ತಿದ್ದಾಳೆ. ಮಾತಾಡುವಾಗ ಬಾಯಿಗೆ ಕೈ ಅಡ್ಡ ಹಿಡಿಯುತ್ತಾಳೆ, ನೋಡಿದರೆ ಸಂಕಟವಾಗುತ್ತೆ.

ಆನ್‌ಲೈನ್‌ನಲ್ಲಿ ವೈಟನಿಂಗ್ ಸ್ಟ್ರಿಪ್, ಇದ್ದಿಲು ಪೇಸ್ಟ್ ತರಿಸೋಣ ಅಂತಾಳೆ. ನನಗೆ ಒಪ್ಪಿಗೆಯಿಲ್ಲ. ಪೇಸ್ಟ್ ಉಜ್ಜಿದರೆ ಹೋಗೋದು ಕಾಫಿ, ಎಲೆಅಡಿಕೆಯಂಥ ಮೇಲಿನ ಕಲೆ. ಫ್ಲೋರೈಡ್ ಕಲೆ ಎನಾಮಲ್ (ಹಲ್ಲಿನ ಗಟ್ಟಿ ಹೊರಪದರ) ಒಳಗೇ ಇರುತ್ತೆ. ಇದ್ದಿಲನ್ನು ಗಸಗಸ ಉಜ್ಜಿದರೆ ಎನಾಮಲ್ಲೇ ಸವೆಯುತ್ತೆ.

ಬ್ಲೀಚಿಂಗ್‌ಗೆ ಕ್ಲಿನಿಕ್‌ನಲ್ಲಿ ಒಸಡಿಗೆ ತಾಗದಂತೆ ಮರೆ ಮಾಡಿ ಶೇ 25ರಿಂದ 40ರಷ್ಟು ಹೈಡ್ರೋಜನ್ ಪೆರಾಕ್ಸೈಡ್ ಹಚ್ಚುತ್ತಾರೆ. ಇಲ್ಲವೇ ಹಲ್ಲಿನ ಅಳತೆಗೆ ಟ್ರೇ ಮಾಡಿಸಿ, ಶೇ 10ರ ಕಾರ್ಬಮೈಡ್ ಪೆರಾಕ್ಸೈಡ್ ಜೆಲ್ ಮನೆಗೆ ಕೊಡುತ್ತಾರೆ. ಎರಡನೆಯದು ನಿಧಾನ.

ಫ್ಲೋರೋಸಿಸ್ (ಹೀಗೆ ಫ್ಲೋರೈಡ್‌ನಿಂದ ಹಲ್ಲು ಕಲೆಯಾಗೋದು) ಇದ್ದವರು ಯಾರಾದರೂ ಮಾಡಿಸಿಕೊಂಡಿದ್ದೀರಾ? ಬ್ಲೀಚಿಂಗ್ ಆದಮೇಲೆ ಬಿಳಿ ಮಚ್ಚೆ ಇನ್ನಷ್ಟು ಎದ್ದು ಕಂಡಿತಾ? ಮೊದಲು ಮೈಕ್ರೋಅಬ್ರೇಷನ್ (ಡಾಕ್ಟರ್ ಎನಾಮಲ್‌ನ ಮೇಲ್ಪದರವನ್ನು ತೆಳುವಾಗಿ ಸವೆಸಿ ಕಲೆ ತೆಗೆಯೋದು) ಮಾಡಿಸಬೇಕಾ? ಜುಮ್ಮೆನ್ನೋದು ಎಷ್ಟು ದಿನ ಇತ್ತು? ಅವಳ ಒಂದು ಮುಂದಿನ ಹಲ್ಲಿಗೆ ಫಿಲ್ಲಿಂಗ್ ಇದೆ. ಅದು ಬಿಳಿಯಾಗಲ್ಲ, ಆಮೇಲೆ ಬದಲಿಸಬೇಕಾಗುತ್ತೆ ಅಂತ ಗೊತ್ತು. ಆ ಖರ್ಚೂ ಸೇರಿ ಎಷ್ಟಾಯಿತು ಹೇಳಿ.

ಬೆಂಗಳೂರಿನ ಸರ್ಕಾರಿ ದಂತ ಕಾಲೇಜಿನಲ್ಲಿ ತೋರಿಸಿದವರಿದ್ದರೆ ಅಲ್ಲಿನ ಅನುಭವವನ್ನೂ ದಯವಿಟ್ಟು ಬರೆಯಿರಿ. ಪ್ರಾಡಕ್ಟ್ ಲಿಂಕ್ ಹಾಕಬೇಡಿ.