ಸ್ಪೆಕ್ಟ್, ಪೋರ್ಟ್ ಇವನ್ನು ‘ಧಾತು’ ಅನ್ನಬಹುದೇ?

ಎಲ್ಲರಿಗೂ ಶರಣು. ವಿಜಯಪುರದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರಿಗೆ ಸಂಜೆ ಇಂಗ್ಲಿಷ್ ಹೇಳಿಕೊಡುತ್ತೇನೆ. ಹೆಚ್ಚಿನವರು ಕನ್ನಡ ಮಾಧ್ಯಮದಲ್ಲಿ ಕಲಿತವರು. ಪದಗಳನ್ನು ಒಂದೊಂದಾಗಿ ಬಾಯಿಪಾಠ ಮಾಡಿಸದೆ, ಲ್ಯಾಟಿನ್ ಮೂಲ ಹಿಡಿದು ಕಲಿಸುತ್ತೇನೆ. ಅದರಲ್ಲಿ ಒಂದು ತೊಡಕು ಬಂದಿದೆ, ಬಲ್ಲವರು ಬಿಡಿಸಿಕೊಡಬೇಕು.

ಇಂಗ್ಲಿಷಿನ ‘ರೂಟ್’ ಅನ್ನುವುದಕ್ಕೆ ನಾವು ಸಾಮಾನ್ಯವಾಗಿ ಬಳಸುವುದು ‘ಧಾತು’. ಸ್ಪೆಕ್ಟ್ ಅಂದರೆ ‘ನೋಡು’ ಎಂಬ ಅರ್ಥದ ಲ್ಯಾಟಿನ್ ಧಾತು ಎಂದು ಬೋರ್ಡಿನ ಮೇಲೆ ಬರೆದಾಗ ಒಬ್ಬ ಹುಡುಗಿ ಕೇಳಿದಳು: ‘ಸರ್, ನೋಡು, ಮಾಡು, ತಿನ್ನು ಇವು ಧಾತು ಅಂತ ಓದೀವಿ. ಅವನ್ನ ಮಾತಿನ್ಯಾಗ ಹಂಗ ಅಂತೀವಿ. ಬರೇ ಸ್ಪೆಕ್ಟ್ ಅಂತ ಯಾರರ ಅಂತಾರೇನ್ರಿ?’

ಅವಳ ಅನುಮಾನ ಸರಿಯಾದದ್ದು. ಕನ್ನಡದ ಧಾತು ಸಾಮಾನ್ಯವಾಗಿ ಒಂಟಿಯಾಗಿ ನಿಲ್ಲುತ್ತದೆ. ‘ನೋಡು’ ಎಂದರೆ ಸಾಕು, ಮಾತು ಪೂರ್ತಿ. ಸ್ಪೆಕ್ಟ್‌ಗೆ ಹಿಂದೆಯೋ ಮುಂದೆಯೋ ಏನಾದರೂ ಅಂಟಿಕೊಂಡಿರಲೇಬೇಕು. ಇನ್‌ಸ್ಪೆಕ್ಟರ್ ಒಳಹೊಕ್ಕು ನೋಡುವವನು, ಸ್ಪೆಕ್ಟೇಟರ್ ಆಟ ನೋಡುವವನು.

ಸಂಸ್ಕೃತದ ಧಾತು ತೆಗೆದುಕೊಂಡರೆ ಮಾತ್ರ ಹೋಲಿಕೆ ಚೆನ್ನಾಗಿ ಕೂಡುತ್ತದೆ. ‘ಹೃ’ ಧಾತುವಿಗೆ ಒಯ್ಯು, ತೆಗೆದುಕೊ ಎಂಬ ಅರ್ಥ. ಆಹಾರ, ವಿಹಾರ, ಪ್ರಹಾರ, ಸಂಹಾರ, ಪರಿಹಾರ ಎಲ್ಲ ಅದರಿಂದಲೇ ಬಂದವು. ಬೆಳೆ ಪರಿಹಾರದ ಮಾತಾಡದ ಮನೆ ನಮ್ಮ ಜಿಲ್ಲೆಯಲ್ಲಿ ಎಲ್ಲಿದೆ? ಲ್ಯಾಟಿನ್ನಿನ ಪೋರ್ಟ್‌ಗೂ ಹೊರು, ಒಯ್ಯು ಎಂದೇ ಅರ್ಥ! ತಿಕೋಟಾ ಕಡೆಯ ದ್ರಾಕ್ಷಿ ಬೆಳೆಗಾರರ ಮಕ್ಕಳಿಗೆ ಎಕ್ಸ್‌ಪೋರ್ಟ್ ಮನೆಮಾತು. ಎಕ್ಸ್ ಅಂದರೆ ಹೊರಕ್ಕೆ, ಇಂಪೋರ್ಟ್‌ನ ಇಂ ಅಂದರೆ ಒಳಕ್ಕೆ. ರಿಪೋರ್ಟ್ ಅಂದರೆ ಹೊತ್ತು ತಂದು ಒಪ್ಪಿಸಿದ ಸುದ್ದಿ. ಸಪೋರ್ಟ್ ಅಂದರೆ ಕೆಳಗಿನಿಂದ ಹೊರುವುದು. ಅಲ್ಲಿ ‘ಸಬ್’ ಹೋಗಿ ‘ಸಪ್’ ಆದದ್ದು ಯಾಕೆ ಎಂದರೆ, ಸತ್ ಮತ್ತು ಜನ ಸೇರಿ ಸಜ್ಜನ ಆಗುವುದನ್ನು ತೋರಿಸುತ್ತೇನೆ. ಹೈಸ್ಕೂಲಿನಲ್ಲಿ ಓದಿದ ಸಂಧಿ ಇಂಗ್ಲಿಷಿಗೂ ಕೆಲಸಕ್ಕೆ ಬಂತಲ್ಲ ಎಂದು ಅವರಿಗೆ ಖುಷಿ. ನನಗೂ ಅಷ್ಟೇ ಖುಷಿ.

ಈ ದಾರಿಯಲ್ಲಿ ಜಾರುವ ಜಾಗಗಳೂ ಇವೆ. ಏರ್‌ಪೋರ್ಟ್‌ನ ಪೋರ್ಟ್ ಬಂದರು ಎಂಬ ಅರ್ಥದ ಬೇರೆ ಲ್ಯಾಟಿನ್ ಪದದಿಂದ ಬಂದದ್ದು. ಪೆಡಲ್‌ನಲ್ಲಿ ಇರುವುದು ಲ್ಯಾಟಿನ್ನಿನ ಪಾದ, ಪೀಡಿಯಾಟ್ರಿಕ್‌ನಲ್ಲಿ ಇರುವುದು ಗ್ರೀಕ್‌ನ ಮಗು. ವಾಟರ್, ಹೌಸ್, ಈಟ್ ತರದ ದಿನಬಳಕೆಯ ಪದಗಳು ಲ್ಯಾಟಿನ್ನಿನಿಂದ ಬಂದೇ ಇಲ್ಲ. ಅವನ್ನು ಸುಮ್ನೆ ಹಾಗೇ ಕಲಿಯಬೇಕು.

ಇನ್ನು ಪದದ ಮೊದಲಿಗೆ ಬರುವ ಎಕ್ಸ್, ರಿ, ಸಬ್ ಇವುಗಳ ಹೆಸರು. ‘ಪೂರ್ವಪ್ರತ್ಯಯ’ ಎಂದರೆ ಹುಡುಗರು ತಬ್ಬಿಬ್ಬಾಗುತ್ತಾರೆ. ಮನೆಯಿಂದ, ಊರಿಗೆ ಎನ್ನುವಲ್ಲಿ ಪ್ರತ್ಯಯ ಕೊನೆಗೆ ಬರುವುದನ್ನೇ ಅವರು ಕಂಡವರು. ಕೆಲವರು ‘ಮುನ್ನೊಟ್ಟು’ ಎಂದು ಬರೆಯುತ್ತಾರೆ. ಚಂದದ ಪದ, ಆದರೆ ನಮ್ಮ ಹುಡುಗರ ಪಠ್ಯದಲ್ಲಿ ಕಾಣದು. ‘ಉಪಸರ್ಗ’ ನನಗೆ ಜಾಸ್ತಿ ಒಪ್ಪಿಗೆ. ಸಂಹಾರದ ‘ಸಂ’, ಪರಿಹಾರದ ‘ಪರಿ’ ಅದೇ ಹೆಸರಿನವು. ಮುಂಗಾರಿ, ಹಿಂಗಾರಿ ಕೂಡ ಉಪಸರ್ಗವೇ ಎಂದು ಹುಡುಗರು ಕೇಳುತ್ತಾರೆ. ಅಲ್ಲ, ಅಲ್ಲಿ ಇರುವುದು ಮುಂದೆ, ಹಿಂದೆ ಎಂಬ ಅರ್ಥದ ಕನ್ನಡ ಪದಗಳೇ. ಹಾಗಾಗಿ ಅದು ಸಮಾಸ.

ರೂಟ್‌ಗೆ ‘ಬೇರು’ ಎನ್ನೋಣವೆಂದು ನನ್ನ ಒಲವು. ಬೇರು ತಾನಾಗಿ ಮೇಲೆ ಕಾಣುವುದಿಲ್ಲ, ಸ್ಪೆಕ್ಟ್ ಕೂಡ ಹಾಗೇ ಅಲ್ವಾ? ಒಂದೇ ಅಡ್ಡಿ: ‘ಈ ಪದದ ಬೇರು ಲ್ಯಾಟಿನ್’ ಎಂದು ಇಡೀ ಭಾಷೆಗೂ ಅದೇ ಮಾತು ಬಳಸುತ್ತೇವೆ. ಭಾಷೆಗೆ ‘ಮೂಲ’, ಪದದೊಳಗಿನ ತುಂಡಿಗೆ ‘ಬೇರು’ ಎಂದು ಬೇರೆ ಮಾಡಿದರೆ ನಿಲ್ಲುತ್ತದೆಯೇ? ಬೆಳಗಾವಿ, ಬಾಗಲಕೋಟೆ ಕಡೆಯ ಹಿರಿಯ ಶಿಕ್ಷಕರು ತರಗತಿಯಲ್ಲಿ ಏನು ಬಳಸುತ್ತಿದ್ದಿರಿ, ದಯವಿಟ್ಟು ತಿಳಿಸಿರಿ. ಧಾತುವೇ ಇರಲಿ ಎನ್ನುವವರು, ಆ ಹುಡುಗಿಗೆ ಏನು ಉತ್ತರ ಕೊಡಬೇಕೆಂದೂ ಬರೆಯಿರಿ.